ಬೆರಳ ತುದಿಯ ಟಿಕೆಟ್, ಬೆಟ್ಟದ ಹೊರೆ



ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗವು ಬೆಂಗಳೂರಿಗೆ ಸಮೀಪವಿರುವುದರಿಂದ ವಾರಾಂತ್ಯದ ಚಾರಣಿಗರಿಗೆ ಅಚ್ಚುಮೆಚ್ಚಿನ ತಾಣ. ಅವರನ್ನು ಕರೆತರುವ ಪ್ರವಾಸ ಸಂಸ್ಥೆಗಳ ವ್ಯವಹಾರ ಎರಡು ದಶಕಗಳಲ್ಲಿ ಬದಲಾದ ಬಗೆಯನ್ನು ಬೆಟ್ಟದ ಬುಡದಲ್ಲಿ ಬಾಳುವವರು ಅರಿಯುವುದು ಅಗತ್ಯ.

ಹಿಂದೆ ಟ್ರಾವೆಲ್ಸ್ ಏಜೆಂಟರ ನಿಜವಾದ ಬಂಡವಾಳ ಮಾಹಿತಿಯೇ ಆಗಿತ್ತು. ಯಾವ ಬಸ್ಸಿನಲ್ಲಿ ಆಸನ ಖಾಲಿಯಿದೆ ಎಂಬುದು ಅವರು ದೂರವಾಣಿಯಲ್ಲಿ ವಿಚಾರಿಸಿ ಹೇಳಿದರಷ್ಟೇ ತಿಳಿಯುತ್ತಿತ್ತು. 2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದ್ ಕಡೆಗೆ ಬಸ್ ಟಿಕೆಟ್ ದೊರೆಯದ ಫಣೀಂದ್ರ ಸಾಮ ಅವರು ಇಬ್ಬರು ಗೆಳೆಯರೊಡಗೂಡಿ 2006ರಲ್ಲಿ ರೆಡ್‌ಬಸ್ ಸ್ಥಾಪಿಸಿದರು. ಆ ಸಂಸ್ಥೆಯು ಏಜೆಂಟರನ್ನು ಹೊರಗಿಡಲಿಲ್ಲ. ಬಸ್ ಮಾಲೀಕರಿಗೆ ಆಸನಗಳ ಲೆಕ್ಕವಿಡುವ ತಂತ್ರಾಂಶವನ್ನೂ, ಏಜೆಂಟರಿಗೆ ಅದೇ ಆಸನಗಳನ್ನು ಮಾರುವ ವ್ಯವಸ್ಥೆಯನ್ನೂ ಒದಗಿಸಿತು. ಪ್ರಯಾಣಿಕರು ತಾವೇ ಟಿಕೆಟ್ ಕೊಳ್ಳಲು ಕಲಿತಾಗ, ವಾಹನ, ಊಟ, ಮಾರ್ಗದರ್ಶಕ ಎಲ್ಲವನ್ನೂ ಒಂದೇ ಬೆಲೆಗೆ ಕಟ್ಟಿ ಮಾರುವುದು ಪ್ರವಾಸ ಸಂಸ್ಥೆಗಳ ದಾರಿಯಾಯಿತು. ಬೆಟ್ಟವೂ ಆ ಕಟ್ಟಿನೊಳಗೆ ಸೇರಿತು.

ಅಂಕೆಯಿಲ್ಲದ ಜನದಟ್ಟಣೆ ಎಂತಹುದು ಎಂಬುದನ್ನು ಕುಮಾರಪರ್ವತ ತೋರಿಸಿತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಸಾವಿರಾರು ಚಾರಣಿಗರು ನೆರೆದ ತರುವಾಯ, ಆನ್‌ಲೈನ್ ಟಿಕೆಟ್ ವ್ಯವಸ್ಥೆಯಿಲ್ಲದ ಚಾರಣ ಪಥಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಆರಂಭವಾಗಿ, ಒಂದು ಪಥಕ್ಕೆ ದಿನಕ್ಕೆ 300 ಮಂದಿಯ ಮಿತಿ ನಿಗದಿಯಾಯಿತು. ಮಾಕಳಿದುರ್ಗವೂ ಮುಂಗಡ ಕಾಯ್ದಿರಿಸಿ ಹತ್ತಬೇಕಾದ ಬೆಟ್ಟಗಳಲ್ಲೊಂದು. ಜನರನ್ನು ಗುಂಪುಗುಂಪಾಗಿ ತಂದ ತಂತ್ರಜ್ಞಾನವೇ ಅವರನ್ನು ಎಣಿಸಿ ಒಳಬಿಡುವ ಬೇಲಿಯೂ ಆಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಆದರೆ ಜಾಲತಾಣವು ತಲೆಗಳನ್ನು ಎಣಿಸುತ್ತದೆಯೇ ಹೊರತು ಬಿಸಾಡಿದ ಬಾಟಲಿಗಳನ್ನಲ್ಲ. ಟಿಕೆಟ್ಟಿನ ಹಣ ನಗರದಲ್ಲೇ ಸಂದಾಯವಾಗಿ, ಕಸ ಮಾತ್ರ ಹಳ್ಳಿಗೆ ಉಳಿಯುವುದಾದರೆ ಅದು ನ್ಯಾಯವಲ್ಲ. ಆದುದರಿಂದ ಗುಂಪು ಕರೆತರುವ ಸಂಸ್ಥೆಗಳೊಡನೆ ಗ್ರಾಮ ಪಂಚಾಯಿತಿಯು ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಮಾರ್ಗದರ್ಶಕರು ಊರಿನವರಾಗಿರಲಿ, ಊಟವನ್ನು ಊರಿನ ಸ್ತ್ರೀಶಕ್ತಿ ಸಂಘಗಳು ಒದಗಿಸಲಿ, ತಂದ ಪ್ಲಾಸ್ಟಿಕ್ಕನ್ನು ತಂದವರೇ ಹಿಂದಕ್ಕೆ ಒಯ್ಯಲಿ. ಮೊಬೈಲ್ ಬಳಕೆ ಬಲ್ಲ ವಿದ್ಯಾರ್ಥಿಗಳು ಹಿರಿಯರ ಪರವಾಗಿ ಆ ಸಂಸ್ಥೆಗಳೊಡನೆ ಪತ್ರ ವ್ಯವಹಾರ ನಡೆಸಬಹುದು. ಪ್ರತಿ ಭಾನುವಾರ ಬಂದವರ ಸಂಖ್ಯೆ ಮತ್ತು ಉಳಿದ ಕಸದ ತೂಕವನ್ನು ಒಂದೇ ಪುಸ್ತಕದಲ್ಲಿ ಬರೆದಿಡಬಹುದು.

ಏಜೆಂಟರು ಕಾಲಕ್ಕೆ ಹೊಂದಿಕೊಂಡು ಉಳಿದರು. ಬೆಟ್ಟಕ್ಕೆ ಆ ಅನುಕೂಲವಿಲ್ಲ. ಅದರ ಪರವಾಗಿ ಲೆಕ್ಕವಿಡುವ ಕೆಲಸ ಬುಡದಲ್ಲಿರುವವರದೇ ಆಗಿದೆ.