ಪತ್ತೇದಾರನೂ ಮಗುವಿನ ಮಾತೂ
(ರಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಪತ್ತೇದಾರಿ ಕಾದಂಬರಿಯೆಂದರೆ ಹುಬ್ಬುಗಂಟಿಕ್ಕುವ ಹಿರಿಯರುಂಟು. ಪಾಠದ ಪುಸ್ತಕದ ಮರೆಯಲ್ಲಿಟ್ಟು ಅದನ್ನೋದುವ ಕಿರಿಯರೂ ಉಂಟು. ಇಬ್ಬರೂ ಆಲೋಚಿಸತಕ್ಕಂತಹ ಒಂದು ಕಾದಂಬರಿಯ ವಿಷಯವನ್ನು ನಾವು ಇಂದು ಹೇಳಬಯಸುತ್ತೇವೆ. ಸ್ವಿಟ್ಜರ್ಲೆಂಡಿನ ನಾಟಕಕಾರ ಫ್ರೀಡ್ರಿಶ್ ಡ್ಯೂರೆನ್‌ಮಾಟ್ ಅವರು ಜರ್ಮನ್ ಭಾಷೆಯಲ್ಲಿ ಬರೆದು 1958ರಲ್ಲಿ ಪ್ರಕಟಿಸಿದ ಆ ಗ್ರಂಥದ ಹೆಸರಿಗೆ 'ಕೊಟ್ಟ ಮಾತು' ಎಂದರ್ಥ. ಹೆತ್ತವರನ್ನು ಎಚ್ಚರಿಸುವುದಕ್ಕೆಂದು ತೆಗೆದ ಚಲಚ್ಚಿತ್ರವೊಂದಕ್ಕೆ ಅವರು ಮೊದಲು ಈ ಕತೆಯನ್ನು ಒದಗಿಸಿದ್ದರು. ಚಿತ್ರದಲ್ಲಿ ಕೊಲೆಗಾರನು ಸಿಕ್ಕಿಬೀಳುತ್ತಾನೆ, ಕಾದಂಬರಿಯಲ್ಲಿ ಹಾಗಾಗುವುದಿಲ್ಲ.

ಜ್ಯೂರಿಕ್ ನಗರದ ಸಮೀಪದ ಕಾಡಿನಲ್ಲಿ ಗ್ರಿಟ್ಲಿ ಎಂಬ ಬಾಲಕಿಯ ಕೊಲೆಯಾಗುತ್ತದೆ. ಅಪರಾಧಿಯನ್ನು ಹಿಡಿಯುವೆನೆಂದು ಮಾಟ್ಟೇಯಿ ಎಂಬ ಪೋಲೀಸು ಅಧಿಕಾರಿಯು ಆಕೆಯ ತಾಯಿಗೆ ಮಾತು ಕೊಡುತ್ತಾನೆ. ಶವವನ್ನು ಕಂಡು ತಿಳಿಸಿದವನು ಊರೂರು ಅಲೆಯುವ ಬಡ ವ್ಯಾಪಾರಿ. ಪೋಲೀಸರು ಆತನನ್ನೇ ಶಂಕಿಸಿ, ಬಿಡುವಿಲ್ಲದೆ ಗಂಟೆಗಟ್ಟಲೆ ಪ್ರಶ್ನಿಸುತ್ತಾರೆ. ಬಳಲಿದ ಆತನು ತಪ್ಪೊಪ್ಪಿಕೊಂಡು, ಸೆರೆಕೋಣೆಯಲ್ಲಿ ಪ್ರಾಣ ನೀಗುತ್ತಾನೆ. ಪ್ರಕರಣವು ಮುಗಿಯಿತೆಂದು ಊರು ನಿಟ್ಟುಸಿರು ಬಿಡುತ್ತದೆ.

ಮಾಟ್ಟೇಯಿಗೆ ಮಾತ್ರ ಸಮಾಧಾನವಿಲ್ಲ. ಹಿಂದೆ ಬೇರೆರಡು ಪ್ರಾಂತಗಳಲ್ಲಿಯೂ ಇಂತಹವೇ ಕೊಲೆಗಳು ನಡೆದಿದ್ದವು. ದೈತ್ಯನೊಬ್ಬನು ತನಗೆ ಪುಟ್ಟ ಮುಳ್ಳುಹಂದಿಗಳನ್ನು ಕೊಡುತ್ತಾನೆಂದು ಗ್ರಿಟ್ಲಿಯು ಗೆಳತಿಗೆ ಹೇಳಿದ್ದಳು, ಚಿತ್ರವನ್ನೂ ಬರೆದಿದ್ದಳು. ಹಿರಿಯರು ಅದನ್ನು ಕಟ್ಟುಕತೆಯೆಂದು ಬಗೆದಿದ್ದರು. ಮಾಟ್ಟೇಯಿಯು ಆ ಚಿತ್ರವನ್ನು ಸಾಕ್ಷಿಯೆಂದು ಓದಿದನು. ಎತ್ತರದ ಮನುಷ್ಯ, ಕಪ್ಪು ಮೋಟಾರು, ಕೊಂಬಿನ ಪ್ರಾಣಿ: ಆ ಪ್ರಾಣಿಯು ಗ್ರೌಬ್ಯೂಂಡನ್ ಪ್ರಾಂತದ ವಾಹನಗಳ ಲಾಂಛನವಾದ ಕಾಡುಮೇಕೆ, ಮುಳ್ಳುಹಂದಿಗಳು ಚಾಕಲೇಟಿನ ಮಿಠಾಯಿಗಳು!

ಇಲ್ಲಿಯವರೆಗೆ ಆತನು ನಮ್ಮ ಗೌರವಕ್ಕೆ ಪಾತ್ರನು. ಮುಂದೆ ಮಾಡಿದುದೇನು? ಹುದ್ದೆಯನ್ನು ಕಳೆದುಕೊಂಡ ಆತನು ಆ ಪ್ರಾಂತದಿಂದ ಬರುವ ಹೆದ್ದಾರಿಯಲ್ಲಿ ಪೆಟ್ರೋಲ್ ಅಂಗಡಿಯನ್ನು ಹಿಡಿದು, ಗ್ರಿಟ್ಲಿಯನ್ನು ಹೋಲುವ ಇನ್ನೊಬ್ಬ ಬಾಲಕಿಯನ್ನೂ ಆಕೆಯ ತಾಯಿಯನ್ನೂ ಮನೆಯಲ್ಲಿರಿಸಿಕೊಂಡನು. ಗಾಳಕ್ಕೆ ಸಿಕ್ಕಿಸಿದ ಎರೆಯಂತೆ ಆ ಮಗು! ತಾಯಿಗೂ ಈ ಗುಟ್ಟು ತಿಳಿಯದು. ಮಗುವಿನ ಕೈಗೆ ಚಾಕಲೇಟು ಬಂದಿತು; ಪೋಲೀಸರು ಕಾಡಿನಲ್ಲಿ ದಿನಗಟ್ಟಲೆ ಹೊಂಚಿದರು; ಯಾರೂ ಬರಲಿಲ್ಲ. ಹತಾಶರಾದ ಅವರು ಕೊನೆಗೆ ಆ ಮಗುವಿನ ಮೇಲೆಯೇ ಕೈಮಾಡಿದರು. ಕೊಲೆಗಾರನು ಬರುವ ದಾರಿಯಲ್ಲಿ ಮೋಟಾರು ಅಪಘಾತದಿಂದ ಸತ್ತಿದ್ದನೆಂಬುದು ವರ್ಷಗಳ ಅನಂತರ ಬೆಳಕಿಗೆ ಬಂದಿತು. ಮಾಟ್ಟೇಯಿಯ ತರ್ಕವು ಸರಿಯಾಗಿಯೇ ಇದ್ದಿತು; ಆತನಾದರೋ ಕಾದು ಕಾದು, ಕುಡಿತಕ್ಕೆ ತುತ್ತಾಗಿ ಹಾಳಾಗಿದ್ದನು.

ಆತನ ಸೋಲಿಗೆ ಆಕಸ್ಮಿಕವು ಕಾರಣವೆಂದು ಗ್ರಂಥವು ಹೇಳುತ್ತದೆ. ನಮಗಾದರೋ ಆತನು ಅದಕ್ಕೆ ಮೊದಲೇ ಸೋತಿದ್ದನೆಂದು ತೋರುತ್ತದೆ. ಸತ್ತ ಮಗುವಿಗೆ ನ್ಯಾಯ ದೊರಕಿಸಲು ಬದುಕಿರುವ ಮಗುವನ್ನು ಪಣಕ್ಕೊಡ್ಡುವುದು ನ್ಯಾಯವಲ್ಲ.

ರಕ್ಷಕರೇ, ಮಗುವು ವಿಚಿತ್ರವಾದುದೇನನ್ನಾದರೂ ಹೇಳಿದರೆ ನಗದಿರಿ, ಗದರದಿರಿ, ಕೂಡಿಸಿಕೊಂಡು ಕೇಳಿರಿ. ಮಕ್ಕಳೇ, ಗುಟ್ಟಾಗಿಡೆಂದು ಯಾರಾದರೂ ತಿನಿಸು ಕೊಟ್ಟರೆ ಅಂದೇ ಮನೆಯಲ್ಲಿಯೋ ಶಾಲೆಯಲ್ಲಿಯೋ ತಿಳಿಸಿರಿ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯು ನಿಮಗೆಲ್ಲರಿಗೂ ಬಾಯಿಪಾಠವಾಗಿರಲಿ. ಗ್ರಿಟ್ಲಿಯ ಚಿತ್ರವನ್ನು ಆಕೆ ಬದುಕಿದ್ದಾಗಲೇ ಒಬ್ಬರು ಓದಿದ್ದರೆ ಪತ್ತೇದಾರನ ಅಗತ್ಯವೇ ಬೀಳುತ್ತಿರಲಿಲ್ಲ.