ಮಂಜುಗಡ್ಡೆಯ ಮೇಲೊಂದು ಬಾಣಂತನ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣದ ಬರಹ ರೂಪ)



ಒಕ್ಕೂಟದ ಸಭೆ ಎಂದರೆ ಸಾಲ, ಮರುಪಾವತಿ, ಲೆಕ್ಕದ ಪುಸ್ತಕ, ಬ್ಯಾಂಕಿನ ವಿಚಾರ ಎಂದುಕೊಂಡು ನೀವು ಬಂದಿರುತ್ತೀರಿ. ಅದೆಲ್ಲ ಊಟದ ನಂತರ ಇದ್ದೇ ಇದೆ. ಈಗ ಸ್ವಲ್ಪ ಹೊತ್ತು ನಾವು ನಿಮ್ಮನ್ನು ಬಹಳ ದೂರ ಕರೆದುಕೊಂಡು ಹೋಗುತ್ತೇವೆ. ಊರೇ ಇಲ್ಲದ, ಯಾವ ದೇಶಕ್ಕೂ ಸೇರದ ಒಂದು ಜಾಗಕ್ಕೆ. ಭೂಮಿಯ ಕೆಳತುದಿಯಲ್ಲಿರುವ ಅಂಟಾರ್ಕ್ಟಿಕಾ ಖಂಡಕ್ಕೆ.

ಅಲ್ಲಿ ಎರಡು ಬಗೆಯ ಮಂಜುಗಡ್ಡೆ ಇದೆ ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಒಂದು, ನೆಲದ ಮೇಲೆ ಕೂತಿರುವುದು. ಲಕ್ಷಾಂತರ ವರ್ಷ ಹಿಮ ಬಿದ್ದು ಬಿದ್ದು ಗಟ್ಟಿಯಾಗಿ, ಸರಾಸರಿ ಎರಡು ಕಿಲೋಮೀಟರಿನಷ್ಟು ದಪ್ಪ ಇದೆ. ಇನ್ನೊಂದು, ಚಳಿಗಾಲದಲ್ಲಿ ಸಮುದ್ರದ ನೀರೇ ಹೆಪ್ಪುಗಟ್ಟಿ ಆಗುವುದು. ಇದು ಪ್ರತಿವರ್ಷ ಬೆಳೆಯುತ್ತದೆ, ಪ್ರತಿವರ್ಷ ಕರಗುತ್ತದೆ. ಅಲ್ಲಿಯ ಬೇಸಿಗೆ ಮುಗಿಯುವಾಗ, ಅಂದರೆ ಫೆಬ್ರವರಿಯಲ್ಲಿ, ಹೆಚ್ಚುಕಡಿಮೆ ನಮ್ಮ ಭಾರತದಷ್ಟು ಅಗಲ ಮಾತ್ರ ಉಳಿಯುವುದು ವಾಡಿಕೆ. ಸೆಪ್ಟೆಂಬರಿಗೆ ಅದೇ ಐದು ಭಾರತವನ್ನೂ ಮೀರಿ ಹರಡುತ್ತದೆ. ಈ ಎರಡನೆಯ ಮಂಜುಗಡ್ಡೆಯ ಮೇಲೆ ಒಂದು ಹಕ್ಕಿ ಸಂಸಾರ ಮಾಡುತ್ತದೆ. ಅದರ ಹೆಸರು ಸಾಮ್ರಾಟ ಪೆಂಗ್ವಿನ್. ಇಂಗ್ಲಿಷಿನಲ್ಲಿ ಎಂಪರರ್ ಪೆಂಗ್ವಿನ್ ಅಂತಾರೆ.

ಪೆಂಗ್ವಿನ್‌ಗಳಲ್ಲೆಲ್ಲ ಇದೇ ದೊಡ್ಡದು. ಎದ್ದು ನಿಂತರೆ ಒಂದನೇ ಎರಡನೇ ಕ್ಲಾಸಿನ ಮಗುವಿನಷ್ಟು ಎತ್ತರ. ಹಾರಲಾರದು, ಆದರೆ ಸಮುದ್ರದಲ್ಲಿ ಮುಳುಗಿ ಈಜುವುದರಲ್ಲಿ ಇದನ್ನು ಮೀರಿಸುವ ಹಕ್ಕಿ ಇಲ್ಲ. ಬೇರೆ ಹಕ್ಕಿಗಳು ಬೇಸಿಗೆ ನೋಡಿ ಮೊಟ್ಟೆ ಇಟ್ಟರೆ ಇದು ಕಡು ಚಳಿಗಾಲದಲ್ಲಿ ಇಡುತ್ತದೆ. ಅಲ್ಲಿಯ ಕಾಲ ನಮಗೆ ಉಲ್ಟಾ. ನಮ್ಮಲ್ಲಿ ಆಷಾಢದ ಮಳೆ ಹೊಡೆಯುವಾಗ ಅಲ್ಲಿ ಕತ್ತಲೆ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿ, ಕೊರೆಯುವ ಗಾಳಿ. ಗೂಡು ಕಟ್ಟಲು ಕಡ್ಡಿ ಇಲ್ಲ, ಹುಲ್ಲಿಲ್ಲ, ಕಲ್ಲೂ ಇಲ್ಲ. ದಡಕ್ಕೆ ಅಂಟಿಕೊಂಡು ಅಲುಗಾಡದೆ ನಿಂತ ಸಮುದ್ರದ ಮಂಜುಗಡ್ಡೆಯೇ ಅದಕ್ಕೆ ಅಂಗಳ, ಅದೇ ಮನೆ.

ಮೇ, ಜೂನ್ ಹೊತ್ತಿಗೆ ಹೆಣ್ಣು ಒಂದೇ ಒಂದು ಮೊಟ್ಟೆ ಇಡುತ್ತದೆ. ಅಷ್ಟರಲ್ಲಿ ಅವಳು ಸೊರಗಿ ಹೋಗಿರುತ್ತಾಳೆ. ಮೊಟ್ಟೆಯನ್ನು ಗಂಡನ ಪಾದದ ಮೇಲೆ ದಾಟಿಸಿ, ಹೊಟ್ಟೆಗೆ ಏನಾದರೂ ಹುಡುಕಿಕೊಂಡು ಸಮುದ್ರಕ್ಕೆ ಹೊರಡುತ್ತಾಳೆ. ಈ ದಾಟಿಸುವುದು ಬಹಳ ಸೂಕ್ಷ್ಮದ ಕೆಲಸ. ಮೊಟ್ಟೆ ಮಂಜಿನ ಮೇಲೆ ಸ್ವಲ್ಪ ಹೊತ್ತು ಬಿದ್ದರೂ ಒಳಗಿನ ಜೀವ ಹೆಪ್ಪುಗಟ್ಟಿ ಹೋಯಿತು. ಆಮೇಲೆ ಎರಡು ತಿಂಗಳಿಗೂ ಹೆಚ್ಚು ಕಾಲ ಬಾಣಂತನವೆಲ್ಲ ಅಪ್ಪನದೇ. ಪಾದದ ಮೇಲೆ ಮೊಟ್ಟೆ, ಅದರ ಮೇಲೆ ಹೊಟ್ಟೆಯ ಚರ್ಮದ ಮಡಿಕೆ, ಹಾಗೇ ನಿಂತಿರುತ್ತಾನೆ. ಊಟವಿಲ್ಲ. ನೆಲೆಗೆ ಬಂದ ದಿನದಿಂದ ಲೆಕ್ಕ ಹಾಕಿದರೆ ಸುಮಾರು ನಾಲ್ಕು ತಿಂಗಳ ಉಪವಾಸ. ತಪಸ್ಸು ಕಾಲದ ನಲವತ್ತು ದಿನಕ್ಕೇ ಸುಸ್ತಾಗುವವರು ನಾವು! ಮರಿ ಹೊರಬರುವ ಹೊತ್ತಿಗೆ ಅವನ ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ತಾಯಿ ಬರುವುದು ತಡವಾದರೆ ಅವನೇ ಗಂಟಲಿನಿಂದ ಮೊಸರಿನಂಥ ಹಾಲು ತೆಗೆದು ಮರಿಗೆ ಕೆಲವು ದಿನ ಕುಡಿಸುತ್ತಾನೆ. (ಮನೆಯವರಿಗೆ ಈ ಭಾಗವನ್ನು ತಪ್ಪದೆ ಓದಿ ಹೇಳಿ.)

ಒಬ್ಬನೇ ನಿಂತರೆ ಆ ಚಳಿಗೆ ಬದುಕಲಾರ. ಹಾಗಾಗಿ ಸಾವಿರಾರು ಗಂಡುಗಳು ಒಂದಕ್ಕೊಂದು ಒತ್ತಿ ಗುಂಪಾಗಿ ನಿಲ್ಲುತ್ತವೆ. ಗುಂಪಿನ ನಡುವೆ 20 ಡಿಗ್ರಿಗೂ ಮೀರಿ ಬೆಚ್ಚಗಿರುತ್ತದೆ. ಹಾಗಾದರೆ ಅಂಚಿನಲ್ಲಿ ಗಾಳಿಗೆ ಬೆನ್ನು ಕೊಟ್ಟವರ ಗತಿ? 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಫೋಟೋ ಮೇಲೆ ಫೋಟೋ ತೆಗೆದು ಇದನ್ನು ನೋಡಿದರು. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ಒಂದು ಹಕ್ಕಿ ಐದರಿಂದ ಹತ್ತು ಸೆಂಟಿಮೀಟರಿನಷ್ಟು ಸಣ್ಣ ಹೆಜ್ಜೆ ಇಡುತ್ತದೆ. ಪಕ್ಕದ್ದು ಇಡುತ್ತದೆ, ಅದರ ಪಕ್ಕದ್ದು ಇಡುತ್ತದೆ, ಅಲೆಯ ಹಾಗೆ ಇಡೀ ಗುಂಪು ಸರಿಯುತ್ತದೆ. ಹೀಗೆ ಸರಿಯುತ್ತಾ ಸರಿಯುತ್ತಾ ಗುಂಪಿನ ರೂಪವೇ ಬದಲಾಗಿ, ಹೊರಗಿದ್ದವರಿಗೂ ಒಳಗಿನ ಬಿಸಿ ಸಿಗುತ್ತದೆ. ಅಧ್ಯಕ್ಷರಿಲ್ಲ, ಕಾರ್ಯದರ್ಶಿ ಇಲ್ಲ. ಹತ್ತು ವರ್ಷ ಅಧ್ಯಕ್ಷೆಯ ಕುರ್ಚಿ ಬಿಡದ ಕೆಲವು ಸಂಘಗಳು ನಮಗೆ ಗೊತ್ತಿವೆ, ಹೆಸರು ಹೇಳುವುದಿಲ್ಲ.

ಜುಲೈ, ಆಗಸ್ಟಿನಲ್ಲಿ ತಾಯಿ ಹೊಟ್ಟೆ ತುಂಬ ಆಹಾರ ಹೊತ್ತು ವಾಪಸ್ ಬರುತ್ತಾಳೆ. ಸಾವಿರಾರು ಹಕ್ಕಿಗಳ ನಡುವೆ ಗಂಡನನ್ನು ಕೂಗಿನಿಂದಲೇ ಗುರುತು ಹಿಡಿಯುತ್ತಾಳೆ. ಅಲ್ಲಿಂದ ಇಬ್ಬರೂ ಸರದಿ ಮೇಲೆ ಸಮುದ್ರಕ್ಕೆ ಹೋಗಿ ಬಂದು ಮರಿಯನ್ನು ಸಾಕುತ್ತಾರೆ. ಇಲ್ಲಿ ಒಂದು ವಿಷಯ ಗಮನವಿಟ್ಟು ಕೇಳಿ. ಮರಿಯ ಮೈಮೇಲೆ ಮೊದಲು ಇರುವುದು ಬೂದು ಬಣ್ಣದ ಮೆತ್ತನೆಯ ತುಪ್ಪಳ. ಅದು ಚಳಿ ತಡೆಯುತ್ತದೆ, ನೀರು ತಡೆಯುವುದಿಲ್ಲ. ನೀರು ತಡೆಯುವ ಗರಿ ಬರಬೇಕಾದರೆ ಡಿಸೆಂಬರ್ ಬರಬೇಕು. ಅಲ್ಲಿಯವರೆಗೆ ಕಾಲ ಕೆಳಗಿನ ಮಂಜುಗಡ್ಡೆ ಗಟ್ಟಿಯಾಗಿ ನಿಂತಿರಬೇಕು. ಒಂದು ತಿಂಗಳು ಮೊದಲೇ ಒಡೆದರೆ ಮರಿ ನೀರಿಗೆ ಬಿದ್ದು ಮುಳುಗುತ್ತದೆ, ಇಲ್ಲವೇ ನೆನೆದು ಚಳಿಗೆ ಸಾಯುತ್ತದೆ. ಒಡೆದ ತುಂಡಿನ ಮೇಲೆ ತೇಲಿ ಹೋದದ್ದು ತಾಯಿ ತಂದೆಗೆ ಮತ್ತೆ ಸಿಗುವುದು ಕಷ್ಟ.

2022ರಲ್ಲಿ ಆದದ್ದು ಇದೇ. ಅಂಟಾರ್ಕ್ಟಿಕಾದ ಪಶ್ಚಿಮ ಬದಿಯಲ್ಲಿ ಬೆಲಿಂಗ್ಸ್‌ಹೌಸನ್ ಎಂಬ ಸಮುದ್ರವಿದೆ. ಅಲ್ಲಿ ಅಧ್ಯಯನ ಮಾಡಿದ ಐದು ಪೆಂಗ್ವಿನ್ ನೆಲೆಗಳಲ್ಲಿ ನಾಲ್ಕರಲ್ಲಿ ಆ ವರ್ಷ ಒಂದು ಮರಿಯೂ ಉಳಿಯಲಿಲ್ಲ ಎಂದು ಬ್ರಿಟಿಷ್ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದರು. ನವೆಂಬರ್ ತಿಂಗಳಲ್ಲೇ ಆ ಸಮುದ್ರದ ಕೆಲವು ಕಡೆ ಮಂಜುಗಡ್ಡೆ ಪೂರ್ತಿ ಕರಗಿಹೋಗಿತ್ತು. ಒಂದೇ ಸೀಮೆಯಲ್ಲಿ ಇಷ್ಟು ನೆಲೆಗಳು ಒಂದೇ ವರ್ಷ ಬರಿದಾದದ್ದನ್ನು ಅದಕ್ಕಿಂತ ಮೊದಲು ಯಾರೂ ಕಂಡಿರಲಿಲ್ಲ. ಹ್ಯಾಲಿ ಬೇ ಎಂಬ ಇನ್ನೊಂದು ಕಡೆ, ಆಗ ಪ್ರಪಂಚದ ಎರಡನೇ ದೊಡ್ಡದಾಗಿದ್ದ ನೆಲೆಯಲ್ಲಿ, 2016ರಿಂದ ಸತತ ಮೂರು ವರ್ಷ ಹೆಚ್ಚುಕಡಿಮೆ ಎಲ್ಲ ಮರಿಗಳೂ ನಾಶವಾಗಿದ್ದವು.

ನಾಲ್ಕು ತಿಂಗಳ ಉಪವಾಸ, ಕತ್ತಲಲ್ಲಿ ನಿಂತ ಆ ಕಾವು, ಸಮುದ್ರಕ್ಕೂ ನೆಲೆಗೂ ಓಡಾಟ, ಎಲ್ಲ ಆದ ಮೇಲೆ ಕೊನೆಯ ತಿಂಗಳಲ್ಲಿ ಕೂಸು ಕೈಬಿಟ್ಟು ಹೋಗುವುದು. ಇದರ ಸಂಕಟವನ್ನು ನಾವು ನಿಮಗೆ ವಿವರಿಸಬೇಕಾಗಿಲ್ಲ.

ಜನರೇ ಇಲ್ಲದ ಜಾಗದ ಸುದ್ದಿ ಗೊತ್ತಾದದ್ದು ಹೇಗೆ ಅಂತ ನೀವು ಕೇಳಬಹುದು. ಉತ್ತರ ಕೇಳಿದರೆ ನಗುತ್ತೀರಿ. ಹಿಕ್ಕೆಯಿಂದ! ಬಾಹ್ಯಾಕಾಶದಲ್ಲಿ ಸುತ್ತುವ ಉಪಗ್ರಹಕ್ಕೆ ಒಂದೊಂದು ಹಕ್ಕಿ ಕಾಣುವುದು ಕಷ್ಟ. ಆದರೆ ಬಿಳಿ ಮಂಜಿನ ಮೇಲೆ ಸಾವಿರಾರು ಹಕ್ಕಿಗಳು ತಿಂಗಳುಗಟ್ಟಲೆ ಮಾಡಿದ ಹೊಲಸು ಕಂದು ಕಲೆಯಾಗಿ ಚೆನ್ನಾಗಿ ಕಾಣುತ್ತದೆ. ಕಲೆ ಇದ್ದಲ್ಲಿ ನೆಲೆ ಇದೆ. ಡಿಸೆಂಬರಿಗೆ ಮೊದಲೇ ಕಲೆಯೂ ಇಲ್ಲ, ಅದರ ಕೆಳಗಿನ ಮಂಜುಗಡ್ಡೆಯೂ ಇಲ್ಲ ಎಂದರೆ ಮರಿಗಳು ಹೋದವು ಎಂದರ್ಥ. ಹೀಗೆ ಹುಡುಕಿ ಹುಡುಕಿ 2024ರ ಹೊತ್ತಿಗೆ 66 ನೆಲೆಗಳನ್ನು ಗುರುತಿಸಿದ್ದಾರೆ.

ಉಪಗ್ರಹದ ಮಾತು ಬಂತಲ್ಲ, ನಮ್ಮವರ ಸುದ್ದಿಯೂ ಒಂದಿಷ್ಟು ಕೇಳಿ. ಅಂಟಾರ್ಕ್ಟಿಕಾದಲ್ಲಿ ನಮ್ಮ ದೇಶದ ಸಂಶೋಧನಾ ಕೇಂದ್ರಗಳಿವೆ. ಮೈತ್ರಿ 1989ರಿಂದ, ಭಾರತಿ 2012ರಿಂದ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೋ ಸಂಸ್ಥೆ, ಉಪಗ್ರಹಗಳು ಕಳಿಸುವ ಮಾಹಿತಿಯನ್ನು ಭಾರತಿ ಕೇಂದ್ರದಲ್ಲೂ ಇಳಿಸಿಕೊಳ್ಳುತ್ತದೆ. ಆ ಕೆಲಸಕ್ಕೆ 2016ರ ನವೆಂಬರಿನಲ್ಲಿ ಅಲ್ಲಿಗೆ ಹೋದವರು ಇಸ್ರೋದ ಮಂಗಳಾ ಮಣಿ. 23 ಜನರ ತಂಡದಲ್ಲಿ ಅವರೊಬ್ಬರೇ ಹೆಂಗಸು. ವಯಸ್ಸು 56. ಒಟ್ಟು 403 ದಿನ ಅಲ್ಲಿದ್ದು ಬಂದರು. ಅದಕ್ಕೂ ಬಹಳ ಹಿಂದೆ, 1983ರಲ್ಲಿ ಹೊರಟ ತಂಡದಲ್ಲಿ ಅದಿತಿ ಪಂತ್ ಮತ್ತು ಸುದೀಪ್ತಾ ಸೇನ್‌ಗುಪ್ತಾ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಅಲ್ಲಿ ಕಾಲಿಟ್ಟಿದ್ದರು. ಐವತ್ತು ದಾಟಿತು, ಇನ್ನು ನಮ್ಮಿಂದೇನಾಗುತ್ತೆ ಸಿಸ್ಟರ್ ಅಂತ ತರಬೇತಿಗೆ ಬಾರದ ಸದಸ್ಯೆಯರು ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಿ.

ಈಗ ಕಾರಣಕ್ಕೆ ಬರೋಣ. ನಾವು ಓದಿ ತಿಳಿದದ್ದನ್ನು ಇದ್ದ ಹಾಗೆ ಹೇಳಬೇಕು. 2014ರವರೆಗೆ ಅಂಟಾರ್ಕ್ಟಿಕಾದ ಸಮುದ್ರದ ಮಂಜುಗಡ್ಡೆ ಸ್ವಲ್ಪ ಸ್ವಲ್ಪ ಹೆಚ್ಚುತ್ತಲೇ ಇತ್ತು. 2016ರ ನಂತರ ದಿಕ್ಕು ಬದಲಾಯಿತು. 2023ರ ಸೆಪ್ಟೆಂಬರಿನಲ್ಲಿ, ಅಂದರೆ ಅತಿ ಹೆಚ್ಚು ಇರಬೇಕಾದ ಕಾಲದಲ್ಲಿ, ಹಿಂದಿನ ಸರಾಸರಿಗಿಂತ ಸುಮಾರು 17 ಲಕ್ಷ ಚದರ ಕಿಲೋಮೀಟರ್ ಕಡಿಮೆ ಇತ್ತು. ಒಂಬತ್ತು ಕರ್ನಾಟಕ ಸೇರಿಸಿದಷ್ಟು ಜಾಗ! ಗಾಳಿಯ ದಿಕ್ಕು, ಸಮುದ್ರದ ಒಳಹರಿವು ಇವುಗಳ ಪಾತ್ರ ಎಷ್ಟು ಎಂದು ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ. ಆದರೆ ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್ ಸುಟ್ಟ ಹೊಗೆಯಿಂದ ಭೂಮಿಯಲ್ಲಿ ಸೇರಿದ ಹೆಚ್ಚಿನ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲು ಹೋಗಿ ಕೂತಿರುವುದು ಸಮುದ್ರದಲ್ಲಿ. ಈ ಬಗ್ಗೆ ಚರ್ಚೆ ಇಲ್ಲ.

ಇದನ್ನು ಕೇಳಿ ಕೆಲವರು ಬಡ ಹೆಂಗಸರ ಸೌದೆ ಒಲೆಯ ಕಡೆ ಬೆರಳು ತೋರಿಸುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ. ಒಲೆಯ ಹೊಗೆ ಮೊದಲು ಕೆಡಿಸುವುದು ನಿಮ್ಮ ಎದೆಯನ್ನು, ನಿಮ್ಮ ಕಣ್ಣನ್ನು. ಅದಕ್ಕಾಗಿ ಒಲೆ ಬದಲಾಯಿಸಿ. ಪೆಂಗ್ವಿನ್ ಲೆಕ್ಕವನ್ನು ನಿಮ್ಮ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಾರ್ಬನ್ ಡೈಆಕ್ಸೈಡ್ ಎಂಬ ಅನಿಲವನ್ನು ಅಮೆರಿಕದಲ್ಲಿ ಒಬ್ಬರು ವರ್ಷಕ್ಕೆ ಸರಾಸರಿ 14 ಟನ್ನಿನಷ್ಟು ಬಿಡುತ್ತಾರೆ. ನಮ್ಮ ದೇಶದಲ್ಲಿ ಸುಮಾರು 2 ಟನ್. ಆ ಎರಡು ಟನ್ನೂ ಸರಾಸರಿ. ಏಸಿ, ಕಾರು, ವಿಮಾನ ಇರುವವರನ್ನು ಬಿಟ್ಟು ನಿಮ್ಮ ಮನೆಯದನ್ನು ಮಾತ್ರ ಎಣಿಸಿದರೆ ಇನ್ನೂ ಎಷ್ಟೋ ಕಡಿಮೆ. ನಮ್ಮ ಸಂಘದ ಭಾಷೆಯಲ್ಲಿ ಹೇಳಬೇಕೆಂದರೆ ಸಾಲ ತೆಗೆದವರು ಬೇರೆ, ಜಾಮೀನು ನಿಂತವರು ಬೇರೆ. ಸಾಲದ ಹಣ ಕಣ್ಣಲ್ಲೂ ನೋಡದ ಜಾಮೀನುದಾರಳ ಮನೆ ಬಾಗಿಲಿಗೆ ಬ್ಯಾಂಕಿನವರು ಬಂದು ನಿಂತ ಹಾಗಾಗಿದೆ. ಪೆಂಗ್ವಿನ್ ಆದರೋ ಜಾಮೀನಿಗೆ ಸಹಿಯನ್ನೂ ಹಾಕಿಲ್ಲ. ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಬರೆದ 'ಲೌದಾತೋ ಸೀ' ಪತ್ರದಲ್ಲಿ ಧ್ರುವದ ಮಂಜು ಕರಗುವುದನ್ನೂ ಬಡವರ ಕಷ್ಟವನ್ನೂ ಬೇರೆ ಬೇರೆ ಮಾಡದೆ ಒಟ್ಟಿಗೇ ಇಟ್ಟು ಮಾತಾಡಿದ್ದು ಇದಕ್ಕೇ.

ಜಾಮೀನಿನ ಹೊರೆ ನಮ್ಮ ಬಾಗಿಲಿಗೂ ಬರುತ್ತದೆಯೇ? ಇಲ್ಲಿ ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟಿದ್ದೇವೆ, ಮುಂದೆ ಬಂದು ನೋಡಿ. ಒಂದರಲ್ಲಿ ನೀರು, ಅದರಲ್ಲಿ ತೇಲುವ ಐಸ್. ಐಸ್ ಕರಗಿದರೂ ನೀರು ಗೆರೆ ದಾಟಿಲ್ಲ. ಸಮುದ್ರದ ಮೇಲೆ ತೇಲುವ ಮಂಜುಗಡ್ಡೆ ಹೀಗೆ. ಅದು ಕರಗಿದರೆ ಕಡಲಮಟ್ಟ ಏರುವುದಿಲ್ಲ, ಹಕ್ಕಿಯ ಅಂಗಳ ಹೋಗುತ್ತದೆ. ಎರಡನೇ ಲೋಟದ ಬಾಯಿಗೆ ಟೀ ಸೋಸುವ ಜಾಲರಿ ಇಟ್ಟು ಅದರ ಮೇಲೆ ಐಸ್ ಹಾಕಿದ್ದೇವೆ. ಅದು ಕರಗಿ ಹನಿದಷ್ಟೂ ಲೋಟದ ನೀರು ಮೇಲೇರಿದೆ. ಅದು ನೆಲದ ಮೇಲಿನ ಮಂಜುಗಡ್ಡೆ. 2002ರಿಂದ 2020ರವರೆಗೆ ಅಂಟಾರ್ಕ್ಟಿಕಾ ವರ್ಷಕ್ಕೆ ಸರಾಸರಿ 15,000 ಕೋಟಿ ಟನ್ನಿನಷ್ಟು ಈ ಬಗೆಯ ಮಂಜನ್ನು ಕಳೆದುಕೊಂಡಿದೆ. ಇದು, ಗ್ರೀನ್‌ಲ್ಯಾಂಡಿನದು, ಪರ್ವತಗಳದು ಮತ್ತು ಕಾದ ನೀರು ಹಿಗ್ಗಿದ್ದು ಎಲ್ಲ ಸೇರಿ 1901ರಿಂದ 2018ರೊಳಗೆ ಪ್ರಪಂಚದ ಕಡಲಮಟ್ಟ ಸರಾಸರಿ 20 ಸೆಂಟಿಮೀಟರ್, ಹತ್ತಿರ ಹತ್ತಿರ ಒಂದು ಗೇಣು ಏರಿದೆ. ಕರಾವಳಿಯಿಂದ ಬಂದ ಸದಸ್ಯೆಯರಿಗೆ ಒಂದು ಗೇಣು ಎಂದರೇನೆಂದು ಗೊತ್ತು. ಮಳೆಗಾಲದ ದೊಡ್ಡ ಅಲೆ ಅಷ್ಟು ಎತ್ತರದಿಂದಲೇ ಏಳುತ್ತದೆ.

ಪೆಂಗ್ವಿನ್ ಕಡೆಗೇ ಮರಳೋಣ. ಅದರ ಊಟವೂ ಮಂಜುಗಡ್ಡೆಯನ್ನೇ ನಂಬಿದೆ. ಅದು ಮೀನು, ಬೊಂಡಾಸ್ ಮತ್ತು ಕ್ರಿಲ್ ಎಂಬ ಸಿಗಡಿಯಂಥ ಪುಟ್ಟ ಜೀವಿಯನ್ನು ತಿನ್ನುತ್ತದೆ. ಕ್ರಿಲ್ ಮರಿಗಳು ಚಳಿಗಾಲದಲ್ಲಿ ಮಂಜುಗಡ್ಡೆಯ ತಳಕ್ಕೆ ಅಂಟಿ ಬೆಳೆಯುವ ಪಾಚಿಯನ್ನು ಮೇಯುತ್ತವೆ. ಈ ಕ್ರಿಲ್ಲನ್ನು ದೊಡ್ಡ ಹಡಗುಗಳು ಸಾಕುಮೀನಿನ ಆಹಾರಕ್ಕೆ, ಎಣ್ಣೆಯ ಮಾತ್ರೆಗೆ ಅಂತ ಬಾಚುತ್ತಿವೆ.

2025ರಲ್ಲಿ ಬಂದ ಲೆಕ್ಕದ ಪ್ರಕಾರ, ಅಂಟಾರ್ಕ್ಟಿಕಾದ ಒಂದು ಭಾಗದ 16 ನೆಲೆಗಳಲ್ಲಿ 2009ರಿಂದ 2024ರೊಳಗೆ ಸಾಮ್ರಾಟ ಪೆಂಗ್ವಿನ್‌ಗಳ ಸಂಖ್ಯೆ ಶೇಕಡಾ 22ರಷ್ಟು ಇಳಿದಿದೆ. ಆದರೂ ಈ ಹಕ್ಕಿ ಸುಲಭಕ್ಕೆ ಸೋಲುವುದಲ್ಲ. ಸುಮಾರು ಇಪ್ಪತ್ತು ವರ್ಷ ಬದುಕುತ್ತದೆ, ಹಾಗಾಗಿ ಒಂದು ವರ್ಷದ ಮರಿ ಹೋದರೆ ಮುಂದಿನ ವರ್ಷ ಮತ್ತೆ ಮೊಟ್ಟೆ ಇಡುತ್ತದೆ. ಹ್ಯಾಲಿ ಬೇಯಲ್ಲಿ ಮರಿ ಕಳೆದುಕೊಂಡವುಗಳಲ್ಲಿ ಅನೇಕವು ಸುಮಾರು 55 ಕಿಲೋಮೀಟರ್ ದೂರದ ಇನ್ನೊಂದು ನೆಲೆಗೆ ಹೋಗಿ ಸೇರಿಕೊಂಡವು. ಆದರೆ ಹೋಗಿ ಸೇರುವುದಕ್ಕೆ ಇನ್ನೊಂದು ಕಡೆಯಾದರೂ ಮಂಜುಗಡ್ಡೆ ನಿಲ್ಲಬೇಕಲ್ಲ. ಸ್ಟೆಫನಿ ಜೆನೂವ್ರಿಯೆ ಎಂಬ ಮಹಿಳಾ ವಿಜ್ಞಾನಿ ಮತ್ತು ಸಂಗಡಿಗರು 2020ರಲ್ಲಿ ಇದರ ಅಂದಾಜು ಹಾಕಿದ್ದಾರೆ. ಹೊಗೆ ಹೀಗೇ ಏರುತ್ತಾ ಹೋದರೆ ಈ ಶತಮಾನ ಮುಗಿಯುವಾಗ ಐದರಲ್ಲಿ ನಾಲ್ಕು ನೆಲೆಗಳು ಅಳಿವಿನ ಅಂಚಿಗೆ ಹೋಗುತ್ತವೆ. ಭೂಮಿಯ ಬಿಸಿ ಏರುವುದನ್ನು ಒಂದೂವರೆ ಡಿಗ್ರಿಗೆ ತಡೆದರೆ ಐದರಲ್ಲಿ ಒಂದು ಮಾತ್ರ. ಒಂದೂವರೆ ಡಿಗ್ರಿಗೆ ತಡೆಯಲು ಪ್ರಯತ್ನಿಸುತ್ತೇವೆ ಎಂದು ದೇಶಗಳೆಲ್ಲ 2015ರಲ್ಲಿ ಪ್ಯಾರಿಸ್ಸಿನಲ್ಲಿ ಕೂತು ಬರೆದುಕೊಂಡಿವೆ. ನಿರ್ಣಯ ಪುಸ್ತಕದಲ್ಲಿ ಬರೆದದ್ದಕ್ಕೂ ಕಂತು ಕಟ್ಟುವುದಕ್ಕೂ ಎಷ್ಟು ಅಂತರ ಇರುತ್ತದೆ ಎಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. 2024ನೇ ಇಸವಿಯೊಂದರಲ್ಲೇ ಸರಾಸರಿ ಬಿಸಿ ಆ ಒಂದೂವರೆ ಡಿಗ್ರಿಯನ್ನು ಮುಟ್ಟಿ ದಾಟಿತ್ತು.

ಪ್ರಶ್ನೆಗಳಿದ್ದರೆ ಈಗಲೇ ಕೇಳಿ. ಊಟದ ನಂತರ ಸಾಲದ ಅರ್ಜಿಗಳನ್ನು ನೋಡುವುದಿದೆ.