ಸೇವೆ ಮಾಡಿ ಹೋದವರನ್ನು ನೆನೆಯುವುದು ಹೇಗೆ?

(ವಡಗೇರಾ: ಮೇ ತಿಂಗಳ ಕೊನೆಯ ಶುಕ್ರವಾರದ ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ) ಅವರ ಮೇಲೆ, ಅವರ ಕುಟುಂಬದವರ ಮೇಲೆ, ಸಹಾಬಿಗಳ ಮೇಲೆ ಶಾಂತಿ ಇರಲಿ.



ಮೇ ತಿಂಗಳು ಮುಗಿಯುತ್ತಾ ಬಂದಿದೆ. ಇನ್ನು ಕೆಲವೇ ದಿನಗಳಲ್ಲಿ ಶಾಲೆಗಳ ಬಾಗಿಲು ತೆರೆಯುತ್ತದೆ. ಇದೇ ತಿಂಗಳ 27ರಂದು, 2021ರಲ್ಲಿ, ಅಲ್-ಅಮೀನ್ ಶಿಕ್ಷಣ ಸಂಸ್ಥೆಯ ಸ್ಥಾಪಕರಾದ ಡಾ. ಮುಮ್ತಾಜ್ ಅಹ್ಮದ್ ಖಾನ್ ಸಾಹೇಬರು ಬೆಂಗಳೂರಿನಲ್ಲಿ ಇಹಲೋಕ ತ್ಯಜಿಸಿದರು. ಅಲ್ಲಾಹನು ಅವರ ಮಗ್‌ಫಿರತ್ ಮಾಡಲಿ. ಅವರ ನೆನಪಿನ ದಿನವೂ ಶಾಲೆ ತೆರೆಯುವ ಹೊತ್ತೂ ಒಟ್ಟಿಗೇ ಬಂದಿವೆ. ಆದ್ದರಿಂದ ಸಮುದಾಯಕ್ಕಾಗಿ ದುಡಿದು ಹೋದವರನ್ನು ನೆನೆಯುವುದು ಹೇಗೆ ಎಂಬುದನ್ನು ಇಂದು ನಾವು ವಿಚಾರ ಮಾಡೋಣ.

ಮದೀನಾದಲ್ಲಿ ಪ್ರವಾದಿವರ್ಯರ(ಸ) ಮಸೀದಿಯನ್ನು ಗುಡಿಸುತ್ತಿದ್ದ ಕಪ್ಪು ವರ್ಣದ ಹೆಣ್ಣುಮಗಳೊಬ್ಬರಿದ್ದರು. ಅಬೂ ಹುರೈರಾ(ರ) ಅವರಿಂದ ವರದಿಯಾದ ಈ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಕೆಲವು ದಿನ ಆಕೆ ಕಾಣಿಸಲಿಲ್ಲ. ಪ್ರವಾದಿವರ್ಯರು(ಸ) ವಿಚಾರಿಸಿದರು. ತೀರಿಕೊಂಡರೆಂದು ಜನ ಹೇಳಿದರು. ಅದನ್ನು ದೊಡ್ಡ ಸಂಗತಿಯೆಂದು ಭಾವಿಸದೆ ಯಾರೂ ಅವರಿಗೆ ಸುದ್ದಿ ಮುಟ್ಟಿಸಿರಲಿಲ್ಲ. ತಮಗೇಕೆ ತಿಳಿಸಲಿಲ್ಲವೆಂದು ಅವರು ಕೇಳಿದರು. ಗೋರಿ ಎಲ್ಲಿದೆಯೆಂದು ತೋರಿಸಲು ಹೇಳಿ, ಅಲ್ಲಿಗೆ ಹೋಗಿ ಆಕೆಗಾಗಿ ಜನಾಜಾ ನಮಾಜ್ ಮಾಡಿದರು.

ಆಕೆ ಧನಿಕರಲ್ಲ, ಕುಲದ ಮುಖ್ಯಸ್ಥರ ಮನೆಯವರಲ್ಲ. ಆಕೆಯ ಕೈಯಲ್ಲಿದ್ದುದು ಒಂದು ಕಸಬರಿಗೆ. ಆದರೂ ಅಲ್ಲಾಹನ ರಸೂಲರು(ಸ) ಆಕೆ ಇಲ್ಲದ್ದನ್ನು ಗಮನಿಸಿದರು. ಸೇವೆ ಮಾಡುವವರನ್ನು ಗಮನಿಸುವುದು ಸುನ್ನತ್. ಅವರಿಗಾಗಿ ದುಆ ಮಾಡುವುದೂ ಸುನ್ನತ್. ಆದರೆ ದುಆ ಮುಗಿಸಿ ಬಂದ ಮೇಲೂ ಮಸೀದಿ ಗುಡಿಸುವ ಕೆಲಸ ಹಾಗೆಯೇ ಇರುತ್ತದೆ. ಯಾರಾದರೊಬ್ಬರು ಆ ಕಸಬರಿಗೆಯನ್ನು ಕೈಗೆತ್ತಿಕೊಳ್ಳಲೇಬೇಕು. ಸೇವಕರ ನೆನಪು ಪೂರ್ಣವಾಗುವುದು ಆಗ.

ಮನುಷ್ಯ ಸತ್ತ ಮೇಲೆ ಮೂರು ಬಗೆಯ ಕರ್ಮಗಳ ಪುಣ್ಯ ಮಾತ್ರ ಅವನಿಗೆ ಮುಟ್ಟುತ್ತಲೇ ಇರುತ್ತದೆಂದು ಹದೀಸ್ ತಿಳಿಸುತ್ತದೆ. ನಿರಂತರ ದಾನ ಒಂದು, ಜನರಿಗೆ ಪ್ರಯೋಜನವಾಗುವ ಜ್ಞಾನ ಇನ್ನೊಂದು, ತನಗಾಗಿ ಪ್ರಾರ್ಥಿಸುವ ಸಚ್ಚರಿತ್ರ ಸಂತಾನ ಮತ್ತೊಂದು. ಒಂದು ಶಾಲೆಯಲ್ಲಿ ಈ ಮೂರೂ ಕೂಡಿ ಬರಬಹುದು. ಕಟ್ಟಿದವರಿಗೆ ಅದು ಸದಕಾ ಜಾರಿಯಾ, ಕಲಿಸಿದವರಿಗೆ ಉಳಿಯುವ ಜ್ಞಾನ, ಮಕ್ಕಳನ್ನು ಕಳಿಸಿದ ತಂದೆತಾಯಿಗೆ ದುಆ ಮಾಡುವ ಸಂತಾನ.

ಮುಮ್ತಾಜ್ ಅಹ್ಮದ್ ಖಾನ್ ಸಾಹೇಬರು 1935ರಲ್ಲಿ ತಿರುಚಿರಾಪಳ್ಳಿಯಲ್ಲಿ ಹುಟ್ಟಿದವರು. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಬೆಂಗಳೂರಿಗೆ ಬಂದರು. ವೈದ್ಯರಾಗಿಯೇ ಇದ್ದಿದ್ದರೆ ಮಾನವೂ ಇತ್ತು, ಹಣವೂ ಇತ್ತು. ಆದರೆ 1966ರಲ್ಲಿ, ಮೂವತ್ತರ ಹರೆಯದಲ್ಲಿ, ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಮುಂದೆ ಅದರ ಆಶ್ರಯದಲ್ಲಿ ಶಾಲೆಗಳು, ಪದವಿ ಕಾಲೇಜು, ಕಾನೂನು ಕಾಲೇಜು, ಫಾರ್ಮಸಿ ಕಾಲೇಜು ಬೆಳೆದವು. 1984ರಲ್ಲಿ ನಮ್ಮ ನೆರೆಯ ವಿಜಯಪುರದಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜು ಬಂತು. ರೋಗಿಗಳ ನಾಡಿ ಹಿಡಿಯುತ್ತಿದ್ದ ಒಬ್ಬ ವೈದ್ಯರು ಸಮುದಾಯದ ನಾಡಿ ಹಿಡಿದು ನೋಡಿದರು. ಅದಕ್ಕೆ ಬೇಕಾದ ಔಷಧ ವಿದ್ಯೆ ಎಂದು ತಿಳಿದು ಜೀವನಪೂರ್ತಿ ಅದನ್ನೇ ಹಂಚಿದರು.

ಸಂಸ್ಥೆಯ ಹೆಸರನ್ನೂ ಗಮನಿಸಿ. ಅಲ್-ಅಮೀನ್ ಎಂದರೆ ನಂಬಿಕಸ್ಥ. ಪ್ರವಾದಿತ್ವ ಸಿಗುವ ಮೊದಲೇ ಮಕ್ಕಾದ ಜನ ಮುಹಮ್ಮದ್(ಸ) ಅವರನ್ನು ಕರೆಯುತ್ತಿದ್ದ ಹೆಸರು ಇದು. ಹಿಜ್ರತ್ ಹೊರಟ ಸಮಯದಲ್ಲೂ ಅವರು ತಮ್ಮ ಬಳಿ ಇದ್ದ ಜನರ ಅಮಾನತ್ತುಗಳನ್ನು ಹಿಂದಿರುಗಿಸಲು ಅಲಿ(ರ) ಅವರನ್ನು ಮಕ್ಕಾದಲ್ಲಿ ಬಿಟ್ಟು ಹೋದರು. ನಮ್ಮ ಮಕ್ಕಳೂ ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್ತು. ಅವರನ್ನು ಯಾವ ಸ್ಥಿತಿಯಲ್ಲಿ ಹಿಂದಿರುಗಿಸುತ್ತೇವೆ ಎಂಬ ಲೆಕ್ಕ ಒಂದು ದಿನ ಕೊಡಬೇಕು.

ಇಲ್ಲಿ ಒಂದು ಮಾತು ಬರುತ್ತದೆ. ಅವರು ಡಾಕ್ಟರ್, ಬೆಂಗಳೂರಿನವರು, ದೊಡ್ಡವರ ಪರಿಚಯ ಇದ್ದವರು. ನಾವು ಕೂಲಿ ಮಾಡುವವರು, ನಮ್ಮಿಂದ ಏನಾದೀತು? ಹಾಗೆನ್ನುವವರು ಮಂಗಳೂರಿನ ಕಡೆ ಒಮ್ಮೆ ನೋಡಬೇಕು. ಹರೇಕಳದ ಹಾಜಬ್ಬರು ಬುಟ್ಟಿಯಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದವರು. ಸ್ವತಃ ಶಾಲೆ ಕಲಿತವರಲ್ಲ. ಒಮ್ಮೆ ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲು ಆಗಲಿಲ್ಲ. ತಮಗಾದ ಈ ಸಂಕಟ ಊರಿನ ಮಕ್ಕಳಿಗೆ ಆಗಬಾರದೆಂದು ಅವರು ನಿಶ್ಚಯಿಸಿದರು. 2000ದ ಸುಮಾರಿಗೆ ಅವರ ಊರಾದ ನ್ಯೂಪಡ್ಪುವಿನಲ್ಲಿ ಮಸೀದಿಯ ಮದರಸಾದಲ್ಲೇ 28 ಮಕ್ಕಳೊಂದಿಗೆ ಕನ್ನಡ ಶಾಲೆ ಆರಂಭವಾಯಿತು. ಹಣ್ಣು ಮಾರಿ ಉಳಿಸಿದ ಕಾಸು, ಊರವರಲ್ಲಿ ಕೈಚಾಚಿ ತಂದ ನೆರವು, ಸರ್ಕಾರಿ ಕಚೇರಿಗಳಿಗೆ ಅಲೆದಾಟ, ಇವುಗಳಿಂದ ಅದಕ್ಕೆ ಸ್ವಂತ ಜಾಗ, ಸ್ವಂತ ಕಟ್ಟಡ ಬಂತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳಿಂದ ಅದನ್ನು ಸ್ವೀಕರಿಸಲು ಅವರು ಬರಿಗಾಲಲ್ಲೇ ನಡೆದು ಹೋದುದನ್ನು ದೇಶವೇ ಕಂಡಿತು.

ಒಬ್ಬರು ವೈದ್ಯರು, ಒಬ್ಬರು ಹಣ್ಣಿನ ವ್ಯಾಪಾರಿ. ಇಬ್ಬರ ಕೆಲಸವೂ ಒಂದೇ. ವಿದ್ಯೆಯ ಸೇವೆಗೆ ಬೇಕಾದುದು ಅವರವರ ಕೈಲಾದಷ್ಟು, ಆದರೆ ಬಿಡದೆ ಮಾಡುವ ಮನಸ್ಸು.

ಶಾಲೆಯ ಪಾಠ ದುನಿಯಾದ ಸಂಗತಿ, ದೀನಿಗೆ ಸಂಬಂಧವಿಲ್ಲ ಎನ್ನುವವರೂ ಇದ್ದಾರೆ. ಬದ್ರ್ ಯುದ್ಧದ ನಂತರ ಏನಾಯಿತೆಂದು ಅವರು ನೆನಪಿಸಿಕೊಳ್ಳಲಿ. ಸೆರೆಸಿಕ್ಕವರಲ್ಲಿ ಪರಿಹಾರದ ಹಣ ಕೊಡಲಾಗದ ಕೆಲವರಿದ್ದರು. ಅನ್ಸಾರರ ಮಕ್ಕಳಿಗೆ ಬರಹ ಕಲಿಸುವುದನ್ನೇ ಪ್ರವಾದಿವರ್ಯರು(ಸ) ಅವರ ಬಿಡುಗಡೆಯ ಬೆಲೆಯಾಗಿ ನಿಗದಿ ಮಾಡಿದರೆಂದು ಮುಸ್ನದ್ ಅಹ್ಮದ್‌ನಲ್ಲಿ ವರದಿಯಿದೆ. ಆಗ ಮದೀನಾದ ಮುಸ್ಲಿಮರು ಬಡವರು, ಹಣದ ಅಗತ್ಯ ಬಹಳವಿತ್ತು. ಕಲಿಸುವವರು ಇಸ್ಲಾಮ್ ಸ್ವೀಕರಿಸಿದವರಲ್ಲ, ನಿನ್ನೆಯ ತನಕ ಎದುರಾಳಿಗಳು. ಕಲಿಸಿದ್ದು ಅಕ್ಷರ. ಮಕ್ಕಳು ಅಕ್ಷರ ಕಲಿಯುವುದು ಹಣಕ್ಕಿಂತ ಹೆಚ್ಚು ಎಂಬ ತೀರ್ಮಾನ ಸ್ವತಃ ಅಲ್ಲಾಹನ ರಸೂಲರದು(ಸ).

ಈಗ ನಮ್ಮ ಊರಿಗೆ ಬರೋಣ. ಭೀಮಾ ಒಂದು ಕಡೆ, ಕೃಷ್ಣೆ ಇನ್ನೊಂದು ಕಡೆ ಹರಿಯುವ ನೆಲ ನಮ್ಮದು. ಆದರೆ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75 ದಾಟಿದಾಗ ಯಾದಗಿರಿ ಜಿಲ್ಲೆಯದು 51.83 ಮಾತ್ರ ಇತ್ತು. ಇಡೀ ಕರ್ನಾಟಕದಲ್ಲಿ ಕಟ್ಟಕಡೆಯದು. ಹೆಣ್ಣುಮಕ್ಕಳದು 41.38. ಇದು ಎಲ್ಲ ಜಾತಿ, ಧರ್ಮದವರನ್ನು ಸೇರಿಸಿದ ಲೆಕ್ಕ. ಆ ಲೆಕ್ಕದೊಳಗೆ ನಾವೂ ಇದ್ದೇವೆ.

ಕಾರಣ ನಮಗೆಲ್ಲ ಗೊತ್ತು. ಜೂನ್‌ನಲ್ಲಿ ಮಗುವಿನ ಹೆಸರು ಶಾಲೆಗೆ ಹಚ್ಚುತ್ತಾರೆ. ದೀಪಾವಳಿ ಹೊತ್ತಿಗೆ ಹತ್ತಿ ಬಿಡಿಸಲು ಕರೆದೊಯ್ಯುತ್ತಾರೆ. ಸುಗ್ಗಿ ಮುಗಿದ ಮೇಲೆ ಕುಟುಂಬವೇ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುತ್ತದೆ. ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರಿರುತ್ತದೆ, ಮಗು ಕಟ್ಟಡದ ಕೆಲಸ ನಡೆಯುವಲ್ಲಿ ತಮ್ಮನನ್ನು ಎತ್ತಿಕೊಂಡು ಕುಳಿತಿರುತ್ತದೆ. ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ. ನಾಚಿಕೆಯಿಂದ ಅದು ಶಾಲೆಯ ಕಡೆ ಮುಖ ಮಾಡುವುದಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಡುವ ತಂದೆತಾಯಿಯನ್ನು ನಾವು ದೂರುವುದಿಲ್ಲ. ಹಸಿವಿನ ಮುಂದೆ ಉಪದೇಶ ನಿಲ್ಲುವುದಿಲ್ಲ. ಆದರೆ ದುಡಿಯಲು ದೊಡ್ಡವರು ಹೋಗಲಿ, ಕಲಿಯಲು ಮಗು ಊರಲ್ಲೇ ಉಳಿಯಲಿ ಎಂದು ಏರ್ಪಾಡು ಮಾಡುವುದು ಊರವರ ಜವಾಬ್ದಾರಿ.

ಅದರ ದಾರಿಯನ್ನೂ ಪ್ರವಾದಿವರ್ಯರು(ಸ) ತೋರಿಸಿದ್ದಾರೆ. ಮದೀನಾದ ಮಸೀದಿಯ ಸುಫ್ಫಾ ಕಟ್ಟೆಯಲ್ಲಿ ಮನೆ, ಆಸ್ತಿ ಇಲ್ಲದ ಬಡ ಸಹಾಬಿಗಳು ಇದ್ದರು. ಅವರ ಊಟಕ್ಕೆ ಯಾವ ಖಜಾನೆಯೂ ಇರಲಿಲ್ಲ. ಇಬ್ಬರಿಗಾಗುವಷ್ಟು ಊಟ ಇರುವವರು ಮೂರನೆಯವನನ್ನು ಮನೆಗೆ ಕರೆದೊಯ್ಯಲಿ, ನಾಲ್ವರಿಗಾಗುವಷ್ಟು ಇರುವವರು ಐದನೆಯವನನ್ನೋ ಆರನೆಯವನನ್ನೋ ಕರೆದೊಯ್ಯಲಿ ಎಂಬುದು ಅವರ ಆದೇಶವಾಗಿತ್ತೆಂದು ಬುಖಾರಿಯಲ್ಲಿದೆ. ಇದೇ ಸುಫ್ಫಾದಿಂದ ಸಾವಿರಾರು ಹದೀಸ್‌ಗಳನ್ನು ನಮಗೆ ಮುಟ್ಟಿಸಿದ ಅಬೂ ಹುರೈರಾ(ರ) ಬಂದರು. ಯಾರದೋ ಮನೆಯ ರೊಟ್ಟಿ ತಿಂದು ಅವರು ಕಲಿತರು. ಇಂದು ನಾವೆಲ್ಲ ಅವರಿಂದ ಕಲಿಯುತ್ತಿದ್ದೇವೆ. ರೊಟ್ಟಿ ಕೊಟ್ಟ ಆ ಮನೆಗಳ ಪಾಲು ಅಲ್ಲಾಹನ ಬಳಿ ಬರೆದಿರುತ್ತದೆ.

ಆದ್ದರಿಂದ ಈ ವರ್ಷ ಮುಮ್ತಾಜ್ ಅಹ್ಮದ್ ಖಾನ್ ಸಾಹೇಬರನ್ನು ನಾವು ನಾಲ್ಕು ಕೆಲಸಗಳಿಂದ ನೆನೆಯೋಣ.

ಮೊದಲನೆಯದು, ಮೊಹಲ್ಲಾದ ಹಿರಿಯರು ಈ ವಾರ ಮನೆಮನೆಗೆ ಹೋಗಿ, ಆರು ವರ್ಷ ತುಂಬಿದ ಮಗು ಹೆಸರು ಹಚ್ಚದೆ ಉಳಿದಿದೆಯೇ, ಏಳನೆಯ ತರಗತಿ ಮುಗಿಸಿದ ಮಗು ಎಂಟಕ್ಕೆ ಸೇರಿದೆಯೇ ಎಂದು ನೋಡಲಿ. ಟಿ.ಸಿ., ಆಧಾರ್, ಆದಾಯ ಪ್ರಮಾಣಪತ್ರದ ಓಡಾಟ ತಿಳಿಯದವರಿಗೆ ಓದಿದ ಹುಡುಗರು ಜೊತೆಯಾಗಲಿ.

ಎರಡನೆಯದು, ಗುಳೆ ಹೋಗುವ ಕುಟುಂಬದ ಮಗು ಅಜ್ಜಿಯ ಬಳಿಯೋ ಸಂಬಂಧಿಕರ ಬಳಿಯೋ ಉಳಿಯುವುದಾದರೆ, ಅದರ ಎರಡು ಹೊತ್ತಿನ ಊಟವನ್ನು ನೆರೆಹೊರೆಯ ಮನೆಗಳು ಪಾಳಿಯಂತೆ ಹೊರಲಿ. ಒಂದು ಜೋಳದ ರೊಟ್ಟಿ ಹೆಚ್ಚು ತಟ್ಟಿದರೆ ಯಾವ ಮನೆಯೂ ಬಡವಾಗುವುದಿಲ್ಲ.

ಮೂರನೆಯದು, ನಮ್ಮ ಹೆಣ್ಣುಮಕ್ಕಳು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಹಣವಿಲ್ಲ. ಪ್ರೌಢಶಾಲೆ ದೂರ ಎಂಬ ಕಾರಣಕ್ಕೆ ಮಗಳನ್ನು ಮನೆಯಲ್ಲಿ ಕೂಡಿಸುವವರು, ನಾಲ್ಕೈದು ಮನೆಯ ಹುಡುಗಿಯರನ್ನು ಒಟ್ಟಿಗೆ ಕಳಿಸಲಿ. ಬಸ್ಸಿನ ತನಕ ಒಬ್ಬ ತಾಯಿ ಜೊತೆ ಹೋಗಲಿ, ಸರದಿಯಂತೆ. ಅದೂ ಸಮಾಜ ಸೇವೆಯೇ.

ನಾಲ್ಕನೆಯದು, ಮದರಸಾದ ಕೋಣೆಯನ್ನು ಮಗ್‌ರಿಬ್‌ನಿಂದ ಇಶಾ ತನಕ ಓದುವ ಮಕ್ಕಳಿಗಾಗಿ ನಾವು ತೆರೆದಿಡುತ್ತೇವೆ. ಪಿಯುಸಿ, ಡಿಗ್ರಿ ಓದುತ್ತಿರುವ ಯುವಕರು ವಾರಕ್ಕೆ ಎರಡು ದಿನ ಒಂದೊಂದು ಗಂಟೆ ಕನ್ನಡ, ಗಣಿತ, ಇಂಗ್ಲಿಷ್ ಹೇಳಿಕೊಡಲಿ. ಯಾವ ಧರ್ಮದ ಮಗು ಬಂದರೂ ಜಾಗವಿದೆ.

ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಕಾಲೇಜು ಸೀಟುಗಳಲ್ಲೂ ನೌಕರಿಗಳಲ್ಲೂ ಮೀಸಲಾತಿ ಇದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ, ಮೌಲಾನಾ ಆಜಾದ್ ಮಾದರಿ ಶಾಲೆಗಳಿವೆ. ಬಾಗಿಲುಗಳು ತೆರೆದಿವೆ. ಆದರೆ ಹತ್ತನೆಯ ತರಗತಿ ಮುಟ್ಟದ ಮಗುವಿಗೆ 371(ಜೆ)ಯಿಂದ ಏನು ಉಪಯೋಗ? ಆ ಬಾಗಿಲಿನ ತನಕ ಮಗುವನ್ನು ಕೈಹಿಡಿದು ನಡೆಸುವುದೇ ನಮ್ಮ ಕೆಲಸ.

ಸಹೋದರರೇ, ಕಲಿಸುವವರು ಜೀವಂತವಿರುವಾಗಲೇ ಅವರನ್ನು ಗಮನಿಸೋಣ. ಮಕ್ಕಳ ಮೂಗು ಒರೆಸಿ ಅಕ್ಷರ ತಿದ್ದಿಸುವ ಅಂಗನವಾಡಿಯ ಹೆಣ್ಣುಮಗಳು, ಬಿಸಿಲಲ್ಲಿ ಬಸ್ಸಿಳಿದು ನಡೆದು ಬರುವ ಶಾಲೆಯ ಮಾಸ್ತರು, ಸ್ವಲ್ಪ ಹಣಕ್ಕೆ ಮಕ್ಕಳಿಗೆ ಕುರ್‌ಆನ್ ಕಲಿಸುವ ಉಸ್ತಾದರು, ಇವರು ಯಾವ ಧರ್ಮದವರೇ ಆಗಿರಲಿ, ದಾರಿಯಲ್ಲಿ ಸಿಕ್ಕಾಗ ನಿಂತು ಮಾತಾಡಿಸೋಣ, ನಮ್ಮ ಮಗು ಹೇಗೆ ಓದುತ್ತಿದೆ ಎಂದು ಕೇಳೋಣ. ಆ ಒಂದು ಪ್ರಶ್ನೆಯೇ ಅವರಿಗೆ ದೊಡ್ಡ ಸನ್ಮಾನ.

ಯಾ ಅಲ್ಲಾಹ್, ವಿದ್ಯೆಗಾಗಿ ದುಡಿದು ನಿನ್ನ ಬಳಿಗೆ ಬಂದವರ ಗೋರಿಗಳನ್ನು ಬೆಳಗಿಸು. ಹೆಸರಿಲ್ಲದೆ ಸೇವೆ ಮಾಡಿದವರ ಹೆಸರು ನಿನಗೆ ಗೊತ್ತು, ಅವರಿಗೆ ಪೂರ್ಣ ಪ್ರತಿಫಲ ಕೊಡು. ದೂರದ ಊರುಗಳಲ್ಲಿ ದುಡಿಯುತ್ತಿರುವ ನಮ್ಮವರನ್ನು ಕಾಪಾಡು. ವಡಗೇರಾದ ಪ್ರತಿಯೊಂದು ಮಗುವಿಗೂ ಓದುವ ಭಾಗ್ಯ ಕೊಡು. ಆ ಕೆಲಸಕ್ಕೆ ನಮ್ಮ ಕೈಗಳನ್ನು ಬಳಸಿಕೋ. ಆಮೀನ್.